ಒಂದು ಸುತ್ತಿಗೆ ಐದೂವರೆ ನಿಮಿಷ

"ಇಲ್ಲಿ ಲಿಫ್ಟಿನ ಲೆಕ್ಕ ಹಾಕೋರು ಯಾರು?"

ಬಾಗಿಲಲ್ಲಿ ನಿಂತು ಕೇಳಿದವನಿಗೆ ಉಸಿರು ಇನ್ನೂ ಸರಿಹೋಗಿರಲಿಲ್ಲ. ಮೂರು ಮಹಡಿ ಮೆಟ್ಟಿಲು ಹತ್ತಿ ಬಂದವರೆಲ್ಲ ಹಾಗೇ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಊರವರ ಕಟ್ಟಡಗಳಿಗೆಲ್ಲ ಎಷ್ಟು ಲಿಫ್ಟು ಬೇಕು, ಎಷ್ಟು ದೊಡ್ಡದು ಬೇಕು ಎಂದು ಹೇಳುವ ಆಫೀಸಿಗೇ ಲಿಫ್ಟಿಲ್ಲವಲ್ಲ ಎಂದು ನಕ್ಕು, ನೀರು ಕೇಳಿ ಕುಡಿದು, ಆಮೇಲೆ ಬಂದ ಕೆಲಸ ಹೇಳುತ್ತಿದ್ದರು. ಈತ ನಗಲಿಲ್ಲ, ನೀರೂ ಕೇಳಲಿಲ್ಲ. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡದೊಂದು ಕಾಗದವಿತ್ತು.

ನಾಲ್ಕು ಮೇಜುಗಳಿಂದ ನಾಲ್ಕು ತಲೆಗಳು ಕಿಟಕಿ ಪಕ್ಕದ ಐದನೆಯ ಮೇಜಿನತ್ತ ತಿರುಗಿದವು. ಅಲ್ಲಿ ಕೂತವಳನ್ನು ಆಫೀಸಿನಲ್ಲಿ ಎಲ್ಲರೂ ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ನಲವತ್ತಾರು ವರ್ಷದ ಹೆಂಗಸು. ಹತ್ತೊಂಬತ್ತಕ್ಕೆ ನಕ್ಷೆ ನಕಲು ಮಾಡುವ ಕೆಲಸಕ್ಕೆ ಸೇರಿದವಳು; ಯಜಮಾನರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಒಂದೊಂದೇ ಲೆಕ್ಕ ಕಲಿತು, ಈಗ ಅವಳ ಹಾಳೆಗೆ ಯಜಮಾನರು ಕಣ್ಣಾಡಿಸಿ ಸಹಿ ಹಾಕಿಬಿಡುವಷ್ಟು ಪಳಗಿದ್ದಳು. ಆ ಹೊತ್ತಿಗೆ ಯಜಮಾನರು ಯಾವುದೋ ಕಟ್ಟಡ ನೋಡಲು ಹೋಗಿದ್ದರು.

ಬಂದವನು ಟೈಲ್ಸ್ ಕೆಲಸದವನೆಂದು ಅವನ ಬೆರಳುಗಳೇ ಹೇಳುತ್ತಿದ್ದವು. ಉಗುರಿನ ಅಂಚಿಗೆ ಸೇರಿಕೊಂಡ ಬಿಳಿ ಸಿಮೆಂಟು ಚರ್ಮದ ಜೊತೆ ಒಂದಾಗಿಹೋಗಿತ್ತು. ಕೆಲಸ ಕೇಳಿಕೊಂಡು ಬಂದಿದ್ದಾನೆಂದುಕೊಂಡ ಲಿಫ್ಟಕ್ಕ, ಇಲ್ಲಿ ಕಟ್ಟುವ ಕೆಲಸವಿಲ್ಲ, ಬರೀ ಕಾಗದದ ಕೆಲಸ ಎಂದಳು. ಅವನು ಗೊತ್ತು ಎನ್ನುವಂತೆ ತಲೆಯಾಡಿಸಿ, ಕಾಗದವನ್ನು ಅವಳ ಮೇಜಿನ ಮೇಲೆ ಬಿಡಿಸಿ, ಅದು ಮತ್ತೆ ಸುತ್ತಿಕೊಳ್ಳದಂತೆ ಎರಡೂ ಅಂಗೈ ಊರಿ ನಿಂತ.

ಅದು ಅವರ ಆಫೀಸಿನದೇ ನಕ್ಷೆ. ಎರಡು ವರ್ಷದ ಹಿಂದೆ ಕಟ್ಟಿ ಮುಗಿಸಿದ ಎಂಟು ಮಹಡಿಯ ಆಸ್ಪತ್ರೆಯದು. ಅಲ್ಲಲ್ಲಿ ಸಿಮೆಂಟಿನ ಕಲೆ, ಮಡಿಚಿದ ಕಡೆ ಹರಿದಿತ್ತು. ಕೆಲಸ ನಡೆಯುವಾಗ ಬೇಡವಾದ ಹಳೆಯ ನಕ್ಷೆಗಳನ್ನು ಮೂಲೆಗೆ ಎಸೆದಿರುತ್ತಾರೆ. ಅದರಲ್ಲೊಂದನ್ನು ಕರಣೆ, ಕಟರು ಸುತ್ತಿಡುವುದಕ್ಕೆಂದು ಅವನು ಮನೆಗೆ ಒಯ್ದಿದ್ದನಂತೆ. ಆಫೀಸಿನ ವಿಳಾಸ ಕೆಳಗೆ ಬಲಮೂಲೆಯಲ್ಲಿತ್ತು.

"ಇದರಲ್ಲಿ ನಾಲ್ಕು ಲಿಫ್ಟ್ ಇದೆ ಮೇಡಂ," ಎಂದ. "ಎರಡು ಚಿಕ್ಕದು, ಎರಡು ದೊಡ್ಡದು. ಹಾಕಿದ್ದು ಮೂರೇ. ಒಂದು ದೊಡ್ಡದರ ಬಾಗಿಲಿಗೆ ಗೋಡೆ ಎಬ್ಬಿಸಿ ಮುಚ್ಚಿಬಿಟ್ರು. ಎಂಟೂ ಮಹಡೀಲಿ ಆ ಗೋಡೆಗೆ ಟೈಲ್ಸ್ ಅಂಟಿಸಿದ್ದು ನಾನೇ. ಯಾಕೆ ಮುಚ್ಚಿದ್ರು ಅಂತ ಕೇಳೋಣ ಅಂತ ಬಂದೆ."

ಅದನ್ನು ಆಸ್ಪತ್ರೆಯವರನ್ನೇ ಕೇಳಬೇಕು ಎಂದಳು ಲಿಫ್ಟಕ್ಕ. ಕೇಳಿದೆ, ಅವರು ಲೆಕ್ಕ ಹಾಕಿದವರನ್ನು ಕೇಳು ಎಂದರು ಎಂದ ಅವನು. ಆಮೇಲೆ, ಅವಳು ಕೂರಲು ಹೇಳದಿದ್ದರೂ, ಎದುರಿನ ಕುರ್ಚಿಯ ತುದಿಯಲ್ಲಿ ಕೂತು ನಡೆದದ್ದನ್ನು ಹೇಳಿದ. ಅಳತೆ ಹೇಳುವವನ ಹಾಗೆ, ಒಂದಾದ ಮೇಲೊಂದು, ಯಾವುದನ್ನೂ ಹೆಚ್ಚು ಮಾಡದೆ ಹೇಳಿದ.

ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸದವಳು. ಹೋದ ತಿಂಗಳು ಆ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಮೂರನೆಯ ದಿನಕ್ಕೆ ಎದ್ದು ಕೂತಿದ್ದಳು. ತಲೆ ಬಾಚಿಕೊಳ್ಳದೆ ಬಂದಿದ್ದೀಯ ಎಂದು ಗಂಡನನ್ನು ಗದರಿದ್ದಳು. ಸಂಜೆ ಐದಕ್ಕೆ ರೋಗಿಗಳನ್ನು ನೋಡುವವರನ್ನು ಒಳಗೆ ಬಿಟ್ಟರು. ಐದೂ ಇಪ್ಪತ್ತಕ್ಕೆ ಅವಳು ಕಣ್ಣು ಕತ್ತಲೆ ಬರುತ್ತಿದೆ ಎಂದಳು. ನರ್ಸು ಓಡಿದಳು, ಡಾಕ್ಟರು ಬಂದರು. ಒಳಗೆ ರಕ್ತ ಸೋರುತ್ತಿದೆ, ಈಗಿಂದೀಗಲೇ ಎರಡನೆಯ ಮಹಡಿಯ ಥಿಯೇಟರಿಗೆ ಇಳಿಸಬೇಕು ಎಂದರು. ವಾರ್ಡು ಏಳನೆಯ ಮಹಡಿಯಲ್ಲಿತ್ತು. ಗಾಲಿಮಂಚವನ್ನು ಲಿಫ್ಟಿನ ಬಾಗಿಲಿಗೆ ತಂದು ನಿಲ್ಲಿಸಿದರು. ಲಿಫ್ಟು ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಜನ, ಹೂಗುಚ್ಛ, ಊಟದ ಗಾಡಿ. ಮೇಲೆ ಹೋಗಿ ಬರುತ್ತೇವೆ ಎಂದರಂತೆ ಒಳಗಿದ್ದವರು. ಬರುವಾಗ ಅದು ತುಂಬಿಕೊಂಡು ನಿಲ್ಲದೆ ಕೆಳಗೆ ಹೋಯಿತು. ಮತ್ತೆ ಅದು ಮಹಡಿ ಮಹಡಿಗೂ ನಿಲ್ಲುತ್ತಾ ಮೇಲೆ ಬರುವುದನ್ನು ಬಾಗಿಲ ಮೇಲಿನ ಅಂಕಿಯಲ್ಲಿ ನೋಡುತ್ತಾ ನಿಂತರು. ಕೊನೆಗೆ ಅವನೂ ವಾರ್ಡಿನ ಇಬ್ಬರೂ ಸೇರಿ ಅವಳನ್ನು ಹಾಸಿಗೆಯ ದುಪ್ಪಟಿಯಲ್ಲೇ ಎತ್ತಿಕೊಂಡು ಮೆಟ್ಟಿಲಿಳಿದರು. ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ನಾಲ್ಕನೆಯ ಮಹಡಿಯ ತಿರುವಿನಲ್ಲಿ ಬಿಟ್ಟಳು.

"ಹನ್ನೊಂದು ನಿಮಿಷ ಕಾದ್ವಿ," ಎಂದ. "ಗಡಿಯಾರ ಎದುರಿಗೇ ಇತ್ತು. ಅಲ್ಲೇ ಪಕ್ಕದಲ್ಲಿ ನಾನು ಹಾಕಿದ ಟೈಲ್ಸು. ಒಂದೂ ಬಿರುಕು ಬಿಟ್ಟಿರಲಿಲ್ಲ."

ನಾಲ್ಕು ಮೇಜಿನವರೂ ತಲೆ ತಗ್ಗಿಸಿ ತಮ್ಮ ಕೆಲಸದಲ್ಲಿ ಮುಳುಗಿದಂತೆ ಕೂತಿದ್ದರು. ಲಿಫ್ಟಕ್ಕ ಏನೋ ಹೇಳಿದಳು; ಇಂಥದ್ದಕ್ಕೆ ಸರ್ಕಾರ ವಿಚಾರಣೆ ನಡೆಸುತ್ತದಲ್ಲ, ಅಲ್ಲಿ ತಿಳಿಯುತ್ತದೆ, ಇಲ್ಲಿ ನಾವು ಮಾತಾಡುವ ಹಾಗಿಲ್ಲ ಎಂಬರ್ಥದ್ದು. ಅವನು ಎದ್ದು ನಕ್ಷೆ ಸುತ್ತಿಕೊಂಡು, ಬಂದ ದಾರಿಯಲ್ಲೇ ಹೋದ. ಮೂರು ಮಹಡಿ ಇಳಿಯುವ ಅವನ ಹೆಜ್ಜೆಯ ಸದ್ದು ಕೊನೆಯವರೆಗೂ ಕೇಳಿಸಿತು.

ಹನ್ನೊಂದು ನಿಮಿಷ. ಅದು ಐದೂವರೆಯ ಎರಡರಷ್ಟು. ಈ ಐದೂವರೆ ಅವಳಿಗೆ ಹೊಸದಲ್ಲ.

ಮೂರು ವರ್ಷದ ಹಿಂದೆ ಆ ಆಸ್ಪತ್ರೆಯ ಲೆಕ್ಕ ಹಾಕಿದವಳು ಅವಳೇ. ಲಿಫ್ಟಿನ ಲೆಕ್ಕವೆಂದರೆ ಜನ ತಿಳಿದಂತೆ ಹಗ್ಗದ ಗಟ್ಟಿತನದ ಲೆಕ್ಕವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಜಮಾನರು ಅವಳನ್ನು ಒಂದು ಕಟ್ಟಡದ ನೆತ್ತಿಗೆ ಕರೆದೊಯ್ದು, ಯಂತ್ರದ ಕೋಣೆಯಲ್ಲಿ ಬಗ್ಗಿ ನೋಡಿಸಿದ್ದರು: ಲಿಫ್ಟಿನ ಪೆಟ್ಟಿಗೆ ಮೇಲೆ ಬಂದಂತೆ ಅದರ ಎದುರುತೂಕ ಕೆಳಗಿಳಿಯುವುದನ್ನು, ಅರ್ಧ ತುಂಬಿದ ಪೆಟ್ಟಿಗೆಗೆ ಅದು ಸರಿತೂಗಿಕೊಂಡು ಯಂತ್ರಕ್ಕೆ ಹೆಚ್ಚು ಶ್ರಮವೇ ಇಲ್ಲದಂತೆ ಮಾಡುವುದನ್ನು, ಓಟ ಮಿತಿ ಮೀರಿದರೆ ಕಂಬಿಯನ್ನು ಕಚ್ಚಿ ನಿಲ್ಲಿಸುವ ದವಡೆಯನ್ನು. ಜನ ಹಗ್ಗಕ್ಕೆ ಹೆದರುತ್ತಾರೆ, ನಾವು ಹೆದರಬೇಕಾದ್ದು ಬಾಗಿಲಲ್ಲಿ ಕಾಯುವವರಿಗೆ ಎಂದಿದ್ದರು. ಯಾವ ಹೊತ್ತಿನಲ್ಲಿ ಎಷ್ಟು ಜನ ಬರುತ್ತಾರೆ, ಪೆಟ್ಟಿಗೆ ಎಷ್ಟು ಕಡೆ ನಿಲ್ಲುತ್ತದೆ, ಒಂದು ಸುತ್ತು ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಹಾಗಾದರೆ ಎಷ್ಟು ಪೆಟ್ಟಿಗೆ ಬೇಕು. ಕಲಿಯಬೇಕಾದ್ದು ಇಷ್ಟೇ, ಇಷ್ಟನ್ನು ಸುಳ್ಳಿಲ್ಲದೆ ಕಲಿ ಎಂದಿದ್ದರು.

ಆಸ್ಪತ್ರೆಗೆ ಅವಳ ಮೊದಲ ಹಾಳೆ ನಾಲ್ಕು ಲಿಫ್ಟು ಕೇಳಿತ್ತು. ಜನಕ್ಕೆ ಎರಡು, ಗಾಲಿಮಂಚಕ್ಕೆ ಎರಡು. ರೋಗಿಗೆ ಮೂವರಂತೆ ನೋಡುವವರು ಬಂದರೆ ಎರಡು ಚಿಕ್ಕ ಲಿಫ್ಟು ಸಾಲದು, ಜನ ದೊಡ್ಡದಕ್ಕೂ ನುಗ್ಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹಾಳೆಯ ಕೆಳಗೆ ತನ್ನದೇ ಅಕ್ಷರದಲ್ಲಿ ಬರೆದಿದ್ದಳು: ದೊಡ್ಡ ಲಿಫ್ಟು ಒಂದೇ ಆದರೆ ಸಂಜೆಯ ಹೊತ್ತಿನಲ್ಲಿ ಒಂದು ಸುತ್ತಿಗೆ ಐದೂವರೆ ನಿಮಿಷ. ಆಸ್ಪತ್ರೆಗೆ ಇದು ಆಗತಕ್ಕದ್ದಲ್ಲ.

ಆಸ್ಪತ್ರೆಯವರು ಒಪ್ಪಲಿಲ್ಲ. ನಾಲ್ಕನೆಯದು ಓಡುವ ಗೂಡು ಮಾತ್ರ ಕಟ್ಟಿಸೋಣ, ಯಂತ್ರ ಮುಂದೆಂದಾದರೂ ತರಿಸೋಣ, ಸದ್ಯಕ್ಕೆ ಮೂರೇ ಸಾಕೆಂದು ಬರೆದುಕೊಡಿ ಎಂದರು. ಅವರ ಕೈಯಲ್ಲಿ ಇನ್ನೂ ಆರು ಕಟ್ಟಡಗಳ ಕೆಲಸವಿತ್ತು. ಆಫೀಸಿನಲ್ಲಿ ಐದು ಜನರ ಸಂಸಾರವಿತ್ತು. ಯಜಮಾನರು ಎರಡು ದಿನ ಆ ಹಾಳೆಯನ್ನೇ ಮುಂದಿಟ್ಟುಕೊಂಡು ಕೂತರು. ಮೂರನೆಯ ದಿನ ಅವಳನ್ನು ಕರೆದು, ನೋಡುವವರು ರೋಗಿಗೆ ಒಬ್ಬರೇ ಎಂದು ಹಿಡಿ, ನೂರಕ್ಕೆ ನಲವತ್ತು ಜನ ಮೆಟ್ಟಿಲು ಹತ್ತುತ್ತಾರೆ ಎಂದು ಹಿಡಿ, ದೊಡ್ಡ ಲಿಫ್ಟಿಗೆ ಯಾರನ್ನೂ ಬಿಡುವುದಿಲ್ಲ ಎಂದು ಹಿಡಿ ಎಂದರು. ಅವಳು ಹಿಡಿದಳು. ಮೂರು ಅಂಕಿ ಬದಲಾದವು, ಅಷ್ಟೇ. ಕೂಡಿ ಕಳೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಎಂಟು ಮಹಡಿ ಮೆಟ್ಟಿಲನ್ನು ನೂರಕ್ಕೆ ನಲವತ್ತು ಜನ ಹತ್ತುತ್ತಾರೆ ಎಂದು ಬರೆಯುವಾಗ ಅವಳಿಗೆ ಸಣ್ಣಗೆ ನಗು ಕೂಡ ಬಂದಿತ್ತು.

ಮಧ್ಯಾಹ್ನ ಯಜಮಾನರು ಬಂದಮೇಲೆ ಹೇಳಿದಳು. ಅವರು ಕೂತು, ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ನೇರಮಾಡಿ, ಮತ್ತೆ ನೇರಮಾಡಿದರು. ಅರವತ್ತೆಂಟು ವಯಸ್ಸು, ಈಚೆಗೆ ಬಲಗೈ ಸ್ವಲ್ಪ ನಡುಗುತ್ತಿತ್ತು. ವಿಚಾರಣೆಯ ಕಾಗದ ತಮಗೂ ಬಂದಿದೆ, ಮುಂದಿನ ಸೋಮವಾರ ಇಬ್ಬರೂ ಹೋಗಬೇಕು, ಫೈಲಿನಲ್ಲಿ ಇರುವುದು ಎರಡನೆಯ ಹಾಳೆಯೊಂದೇ ಎಂದರು.

"ದೊಡ್ಡ ಲಿಫ್ಟಿಗೆ ಜನಾನ ಬಿಡಬಾರದು ಅಂತ ನಾವು ಬರೆದುಕೊಟ್ಟಿದ್ವಲ್ಲಮ್ಮ. ಅವರು ಬಿಟ್ರೆ ನಾವೇನು ಮಾಡೋಕಾಗುತ್ತೆ?"

"ಬರೆದುಕೊಟ್ಟಿದ್ವಿ ಸರ್. ಬಿಡ್ತಾರೆ ಅಂತ್ಲೂ ಗೊತ್ತಿತ್ತು."

ಯಜಮಾನರು ಕಿಟಕಿಯ ಕಡೆ ನೋಡಿದರು. ಆಮೇಲೆ, ತಗ್ಗಿದ ದನಿಯಲ್ಲಿ, ಆ ಹಳೆಯ ಹಾಳೆ ಎಲ್ಲಾದರೂ ಇದೆಯೇ ಎಂದು ಕೇಳಿದರು. ಹಾಳೆಯನ್ನು ಆಗಲೇ ಹರಿದುಹಾಕಿದ್ದಾಗಿತ್ತು. ಇಲ್ಲ ಎಂದಳು. ಅದು ಸುಳ್ಳಲ್ಲ. ಆದರೆ ಹಾಳೆಗೆ ಇಳಿಸುವ ಮೊದಲು ಅವಳು ಲೆಕ್ಕವನ್ನೆಲ್ಲ ಕಚ್ಚಾ ಪುಸ್ತಕದಲ್ಲಿ ಹಾಕುತ್ತಿದ್ದಳು. ಆ ಪುಸ್ತಕಗಳು ಅವಳ ಮನೆಯ ಅಟ್ಟದ ಮೇಲಿದ್ದವು. ಅದನ್ನು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮರುದಿನ ಐದಕ್ಕೆ ಹತ್ತು ನಿಮಿಷವಿರುವಾಗ ಅವಳು ಆಸ್ಪತ್ರೆಗೆ ಹೋದಳು. ಕಟ್ಟಡ ತೆರೆದ ಮೇಲೆ ಒಮ್ಮೆಯೂ ಹೋಗಿರಲಿಲ್ಲ. ಹಾಗೆ ನೋಡಿದರೆ ತಾನು ಲೆಕ್ಕ ಹಾಕಿದ ಎಷ್ಟೋ ಕಟ್ಟಡಗಳಿಗೆ ಅವಳು ಕಾಲಿಟ್ಟವಳೇ ಅಲ್ಲ. ಕೆಳಗಿನ ಹಾಲಿನಲ್ಲಿ ಜನ ಲಿಫ್ಟಿನ ಬಾಗಿಲಿಗೆ ಮುಖ ಮಾಡಿ ಗುಂಪುಗಟ್ಟಿದ್ದರು. ಕೈಯಲ್ಲಿ ಹಣ್ಣಿನ ಚೀಲ, ಬಿಸಿನೀರಿನ ಫ್ಲಾಸ್ಕು, ಹೆಗಲ ಮೇಲೆ ಮಗು. ದೊಡ್ಡ ಲಿಫ್ಟಿನ ಪಕ್ಕದಲ್ಲಿ "ರೋಗಿಗಳಿಗೆ ಮಾತ್ರ" ಎಂಬ ಹಲಗೆಯಿತ್ತು. ಅದಕ್ಕೆ ಒರಗಿಕೊಂಡು ಒಬ್ಬ ಮುದುಕ ಕಾಯುತ್ತಿದ್ದ. ಯಾರೂ ಕೆಟ್ಟವರಂತೆ ಕಾಣಲಿಲ್ಲ. ತಮ್ಮವರನ್ನು ನೋಡಲು ಎರಡು ಗಂಟೆ ಸಮಯವಿದೆ, ಅದರಲ್ಲಿ ಇಪ್ಪತ್ತು ನಿಮಿಷ ಇಲ್ಲೇ ಕಳೆದರೆ ಯಾರಿಗೆ ತಾಳ್ಮೆ ಉಳಿಯುತ್ತದೆ? ಬಾಗಿಲು ತೆರೆದದ್ದೇ ಎಲ್ಲರೂ ಒಳಗೆ ತುಂಬಿಕೊಂಡರು. ಅವಳು ಮೆಟ್ಟಿಲು ಹತ್ತಿದಳು. ಏಳನೆಯ ಮಹಡಿಯವರೆಗೂ ದಾರಿಯಲ್ಲಿ ಸಿಕ್ಕವರು ಮೂರೇ ಜನ.

ಟೈಲ್ಸಿನವನು ಅಲ್ಲಿದ್ದ. ಬೆಂಚಿನ ಮೇಲೆ ಕೂತು, ಟೈಲ್ಸಿನ ಪೆಟ್ಟಿಗೆಯ ರಟ್ಟು ತೊಡೆಯ ಮೇಲಿಟ್ಟುಕೊಂಡು, ಲಿಫ್ಟು ಬಂದಾಗಲೆಲ್ಲ ಗಡಿಯಾರ ನೋಡಿ ಪೆನ್ಸಿಲಿನಲ್ಲಿ ಗೀಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ, ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಹತ್ತು ದಿನದಿಂದ ಬರುತ್ತಿದ್ದಾನಂತೆ. ಇಬ್ಬರು ಹೆಣ್ಣುಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಿದ್ದಾರೆ, ಕೆಲಸಕ್ಕೆ ಹೋಗಲು ಮನಸ್ಸು ಬರುತ್ತಿಲ್ಲ ಎಂದ. ರಟ್ಟನ್ನು ಅವಳ ಕೈಗೆ ಕೊಟ್ಟ. ಐದು ನಿಮಿಷ ಇಪ್ಪತ್ತು ಸೆಕೆಂಡು. ಐದು ನಲವತ್ತು. ಆರು. ಐದು ಇಪ್ಪತ್ತೈದು. ಅವಳ ಹಾಳೆ ಮೂರು ವರ್ಷದ ಹಿಂದೆ ಹೇಳಿದ್ದನ್ನೇ ಈ ಮನುಷ್ಯ ಪೆನ್ಸಿಲು ಹಿಡಿದು ಕಂಡುಕೊಂಡಿದ್ದ.

ಎಂಟು ಮಹಡಿ ಓಡಲು ಯಾಕೆ ಇಷ್ಟು ಹೊತ್ತು ಬೇಕು ಎಂದು ಅವನು ಕೇಳಿದ. ಓಡಲು ಅರ್ಧ ನಿಮಿಷ ಸಾಕು, ಹೊತ್ತು ತಿನ್ನುವುದು ನಿಲ್ಲುವುದರಲ್ಲಿ ಎಂದಳು. ಗಾಲಿಮಂಚದ ಲಿಫ್ಟಿನ ಬಾಗಿಲು ಅಗಲ, ತೆರೆಯಲು ನಾಲ್ಕು ಸೆಕೆಂಡು, ಮುಚ್ಚಲು ಐದು. ನಡುವೆ ಇಳಿಯುವವರು, ಹತ್ತುವವರು, ಕೈ ಅಡ್ಡ ಇಡುವವರು. ಒಂದು ನಿಲುಗಡೆಗೆ ಇಪ್ಪತ್ತು ಸೆಕೆಂಡು. ಹೋಗುತ್ತಾ ಬರುತ್ತಾ ಹದಿನಾಲ್ಕು ನಿಲುಗಡೆ. ತುಂಬಿದ ಲಿಫ್ಟು ಕರೆದರೂ ನಿಲ್ಲುವುದಿಲ್ಲ, ಅದನ್ನು ಹಾಗೇ ಮಾಡಿರುತ್ತಾರೆ. ಒಂದು ಸಲ ತಪ್ಪಿದರೆ ಇನ್ನೊಂದು ಸುತ್ತು ಕಾಯಬೇಕು. ಅವನು ತಲೆಯಾಡಿಸುತ್ತಾ ಕೇಳಿದ. ಕೆಲಸ ಬಲ್ಲವನು ಇನ್ನೊಬ್ಬರ ಕೆಲಸದ ಮಾತನ್ನು ಕೇಳುವ ಹಾಗೆ.

ಆಮೇಲೆ ಅವನು ಗೋಡೆಯ ಹತ್ತಿರ ಹೋಗಿ ಗೆಣ್ಣಿನಿಂದ ತಟ್ಟಿದ. ಟೊಳ್ಳು ಸದ್ದು. ಒಂದಡಿ ಆಚೆ ತಟ್ಟಿದ, ಗಟ್ಟಿ. ಮತ್ತೆ ಮೊದಲಿನ ಜಾಗಕ್ಕೆ ಕೈಯಿಟ್ಟು, ಅವಳ ಕಡೆ ತಿರುಗದೆಯೇ ಕೇಳಿದ.

"ಇಲ್ಲೊಂದು ಇರಬೇಕಾಗಿತ್ತಾ ಅಕ್ಕಾ?"

"ಇರಬೇಕಾಗಿತ್ತು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನ ಬೆನ್ನು ಅಲ್ಲಾಡಲಿಲ್ಲ. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಅವಳು ತಯಾರಾಗಿದ್ದಳು. ಅವನು ಟೈಲ್ಸಿನ ಸಂದಿಯ ಮೇಲೆ ಬೆರಳು ಎಳೆದು, ಆ ಗೋಡೆ ಕೆಲಸ ಬೇಗ ಮುಗಿಸಿದ್ದಕ್ಕೆ ಮೇಸ್ತ್ರಿ ಎಲ್ಲರೆದುರು ತನ್ನನ್ನು ಹೊಗಳಿದ್ದ, ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡಿದ್ದೆ ಎಂದ.

"ನೀವು ಟೈಲ್ಸ್ ಹಾಕಿದ್ರಿ ಅಷ್ಟೆ," ಎಂದಳು ಲಿಫ್ಟಕ್ಕ. "ಗೋಡೆ ನನ್ನದು."

ಆಗ ಲಿಫ್ಟು ಬಂದು ಬಾಗಿಲು ತೆರೆಯಿತು. ಹೊರಬಂದವರು ಇಬ್ಬರನ್ನೂ ಬಳಸಿಕೊಂಡು ವಾರ್ಡಿನೊಳಗೆ ಹೋದರು. ಅವನು ಅಭ್ಯಾಸದಿಂದೆಂಬಂತೆ ಗಡಿಯಾರ ನೋಡಿದ, ಬರೆದುಕೊಳ್ಳಲಿಲ್ಲ.

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿ, ಅಟ್ಟದ ಪುಸ್ತಕವನ್ನು ವಿಚಾರಣೆಗೆ ಒಯ್ಯುತ್ತೇನೆ ಎಂದಳು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಿತಭಾಷಿ. ಊಟದ ತಟ್ಟೆಯ ಮುಂದೆ ಕೈ ಒಣಗುವವರೆಗೂ ಕೂತು ಕೇಳಿದ. ಕೇಳಿ, ಬೇಡ ಎಂದ. ಯಜಮಾನರು ನಿನ್ನನ್ನು ಕೈಹಿಡಿದು ಮೇಲೆ ತಂದವರು, ನಮ್ಮ ಮದುವೆಗೆ ನಿಂತವರು, ಇಂಥ ವಯಸ್ಸಿನಲ್ಲಿ ಅವರ ಮುಖಕ್ಕೆ ಮಸಿ ಬಳಿಯಬೇಡ ಎಂದ. ಹೋದವಳು ಬರುತ್ತಾಳೆಯೇ ಎಂದೂ ಕೇಳಿದ. ಆ ಆಫೀಸಿನ ಉಳಿದ ನಾಲ್ವರ ಮಾತೂ ಬಂತು: ಒಬ್ಬನಿಗೆ ಮೊನ್ನೆಯಷ್ಟೇ ಮಗು ಹುಟ್ಟಿದೆ, ಇನ್ನೊಬ್ಬಳು ಗಂಡ ಬಿಟ್ಟವಳು. ಗಂಡ ಹೆಂಡತಿ ಆ ವಾರವೆಲ್ಲ ಬೇಕಾದಷ್ಟೇ ಮಾತಾಡಿದರು. ಭಾನುವಾರ ಅವಳು ಸ್ಟೂಲು ಹಾಕಿಕೊಂಡು ಅಟ್ಟದಿಂದ ಪುಸ್ತಕ ತೆಗೆಯುವಾಗ ಅವನು ಬಂದು ಸ್ಟೂಲಿನ ಕಾಲು ಅಲ್ಲಾಡದಂತೆ ಹಿಡಿದುಕೊಂಡ.

ಆ ಪುಟ ಸಿಕ್ಕಿತು. ಲೆಕ್ಕ, ಅದರ ಕೆಳಗೆ ಐದೂವರೆ ನಿಮಿಷದ ಸಾಲು. ಅವಳಿಗೆ ಮರೆತೇಹೋಗಿದ್ದ ಇನ್ನೊಂದು ಅಲ್ಲಿತ್ತು: ಸಾಲಿನ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ "ಸರಿಯಾಗಿದೆ" ಎಂದು ಬರೆದು ಯಜಮಾನರು ಹಾಕಿದ ಸಹಿ. ಅವಳು ಪುಸ್ತಕ ಮುಚ್ಚಿದಳು. ಇದನ್ನು ಕೊಟ್ಟರೆ ತನ್ನೊಬ್ಬಳ ತಪ್ಪನ್ನು ಒಪ್ಪಿಕೊಂಡಂತಾಗುವುದಿಲ್ಲ. ಅವರ ಕೊರಳಿಗೂ ಹಗ್ಗ ಬೀಳುತ್ತದೆ. ಅಲ್ಲಿಯವರೆಗೆ ಅವಳು ಅಂದುಕೊಂಡಿದ್ದ ಧೈರ್ಯ ಬೇರೆ, ಇದು ಬೇರೆ.

ವಿಚಾರಣೆ ನಡೆದದ್ದು ಸರ್ಕಾರಿ ಕಚೇರಿಯೊಂದರ ಎರಡನೆಯ ಮಹಡಿಯಲ್ಲಿ, ಉದ್ದ ಮೇಜಿನ ಕೋಣೆಯಲ್ಲಿ. ವಿಚಾರಣೆಯ ಅಧಿಕಾರಿ ನೆಗಡಿಯಾಗಿದ್ದ ಹೆಂಗಸು. ಮಾತಿಗೊಮ್ಮೆ ಕರವಸ್ತ್ರ ಮೂಗಿಗಿಡುತ್ತಿದ್ದರು. ಒಂದು ಬದಿಗೆ ಆಸ್ಪತ್ರೆಯ ಇಬ್ಬರು, ಅವರ ವಕೀಲರು. ಗೋಡೆ ಪಕ್ಕದ ಬೆಂಚಿನಲ್ಲಿ ಟೈಲ್ಸಿನವನು, ಆ ದಿನ ತಲೆ ಬಾಚಿಕೊಂಡು, ಗುಂಡಿಯೆಲ್ಲ ಹಾಕಿದ ಅಂಗಿಯಲ್ಲಿ. ಆಸ್ಪತ್ರೆಯವರು ಲಿಫ್ಟು ತಜ್ಞರ ಲೆಕ್ಕದ ಪ್ರಕಾರವೇ ಇದೆ ಎಂದರು. ಯಜಮಾನರನ್ನು ಕೇಳಿದಾಗ ಅವರು ಎದ್ದು ನಿಂತು, ತಾವು ಕೊಟ್ಟದ್ದು ಈ ಹಾಳೆ, ಇದರಲ್ಲಿ ಲೆಕ್ಕದ ತಪ್ಪಿಲ್ಲ, ದೊಡ್ಡ ಲಿಫ್ಟಿಗೆ ಜನರನ್ನು ಬಿಡಬಾರದೆಂದು ಸ್ಪಷ್ಟವಾಗಿ ಬರೆದಿದೆ ಎಂದು ಹೇಳಿ ಕೂತರು. ಅವರ ದನಿ ನಡುಗಲಿಲ್ಲ. ಕೈಯನ್ನು ಮೇಜಿನ ಕೆಳಗಿಟ್ಟುಕೊಂಡಿದ್ದರು.

ಅಧಿಕಾರಿ ಕಾಗದಗಳನ್ನು ಜೋಡಿಸಿಕೊಳ್ಳುತ್ತಾ, ಕೇಳಬೇಕಲ್ಲ ಎಂದು ಕೇಳುವಂತೆ, ನೀವೇನಾದರೂ ಸೇರಿಸುವುದಿದೆಯೇ ಎಂದು ಲಿಫ್ಟಕ್ಕನನ್ನು ಕೇಳಿದರು.

ಅವಳು ಚೀಲದಿಂದ ಪುಸ್ತಕ ತೆಗೆದು, ಆ ಪುಟ ಬಿಡಿಸಿ, ಮೇಜಿನುದ್ದಕ್ಕೂ ಜಾರಿಸಿದಳು. "ಇದು ಮೊದಲನೇ ಲೆಕ್ಕ. ನಾಲ್ಕು ಬೇಕು ಅಂತ ಬಂದಿತ್ತು. ಆಮೇಲೆ ಅಂಕಿ ಬದಲಾಯಿಸಿ ಮೂರು ಬರೋ ಹಾಗೆ ಮಾಡಿದೆ. ಬದಲಾಯಿಸಿದ ಕೈ ನನ್ನದು."

ಆಸ್ಪತ್ರೆಯ ವಕೀಲರು ಏನೋ ಹೇಳಲು ಎದ್ದರು. ಅಧಿಕಾರಿ ಕೈಯೆತ್ತಿ ಕೂರಿಸಿದರು. ಪುಟವನ್ನು ಎರಡು ಸಲ ಓದಿ, ಕೆಂಪು ಅಕ್ಷರದ ಮೇಲೆ ಬೆರಳಿಟ್ಟು, ಇದು ಯಾರದ್ದು ಎಂದು ಕೇಳಿದರು. ಲಿಫ್ಟಕ್ಕನಿಗೆ ಪುಸ್ತಕ ಕೊಡುವವರೆಗಿದ್ದ ಧೈರ್ಯ ಅಲ್ಲಿಗೆ ಮುಗಿದಿತ್ತು. ಯಜಮಾನರು ಇಲ್ಲವೆಂದರೆ, ತಾನೇ ಬರೆದದ್ದು ಎಂದುಬಿಡೋಣ ಎಂದುಕೂಡ ಆ ಗಳಿಗೆಯಲ್ಲಿ ಅನ್ನಿಸಿತು.

ಯಜಮಾನರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ತಮ್ಮ ಶಿಷ್ಯೆಯ ಅಂಕಿಗಳನ್ನು ಮೇಲಿಂದ ಕೆಳಗೆ, ಹಳೆಯ ಕಾಲದ ಹಾಗೆ, ಬೆರಳು ಓಡಿಸಿಕೊಂಡು ಓದಿದರು.

"ನನ್ನದು," ಎಂದರು. "ಬದಲಾಯಿಸು ಅಂತ ಹೇಳಿದ್ದೂ ನಾನೇ. ಆಕೆ ನಾನು ಹೇಳಿದ್ದನ್ನ ಮಾಡಿದ್ಲು."

ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಅವರು ಒಬ್ಬರೇ ನಿಂತಿದ್ದರು. ಒಂದೇ ಸಮನೆ ಕೆಳಗೆ ನೋಡುತ್ತಿದ್ದರು. ಅವಳು ಮೊಣಕೈ ಹಿಡಿಯಲು ಹೋದಳು. "ಬೇಡ" ಎಂದರು, ಸಿಟ್ಟಿಲ್ಲದೆ. ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅವಳು ಎರಡು ಮೆಟ್ಟಿಲು ಹಿಂದೆ ಇಳಿದಳು. ಬೀದಿಯಲ್ಲಿ ಅವರು ಬಲಕ್ಕೆ ತಿರುಗಿದರು. ಎದುರಿನ ಮರದ ಕೆಳಗೆ ಸ್ಕೂಟರಿನ ಮೇಲೆ ಅವಳ ಗಂಡ ಕೂತಿದ್ದ. ಬೆಳಿಗ್ಗೆಯಿಂದ ಅಲ್ಲೇ ಇದ್ದನೋ, ಈಗ ಬಂದನೋ, ಕೇಳಲಿಲ್ಲ.

ಯಜಮಾನರ ಸಹಿಯ ಅಧಿಕಾರವನ್ನು ಕಿತ್ತುಕೊಂಡರು. ಆಫೀಸು ತಿಂಗಳೊಳಗೆ ಮುಚ್ಚಿತು. ನಾಲ್ವರಲ್ಲಿ ಇಬ್ಬರು ಬೇರೆ ಕಡೆ ಸೇರಿಕೊಂಡರು. ಹೊಸದಾಗಿ ತಂದೆಯಾದವನು ಅವಳನ್ನು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದ. ಯಜಮಾನರ ಮನೆಗೆ ಎರಡು ಸಲ ಹೋದಳು. ಮೊದಲ ಸಲ ಅವರ ಹೆಂಡತಿ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಎರಡನೆಯ ಸಲ ಬಾಗಿಲು ತೆರೆಯಲಿಲ್ಲ. ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಅವಳು ಹೋಗಿ ಬಾಗಿಲ ಹೊರಗಿನ ಚಪ್ಪಲಿಗಳ ಹತ್ತಿರ ನಿಂತು ಬಂದಳು.

ಆಸ್ಪತ್ರೆಯವರಿಗೆ ಆ ಗೋಡೆ ಒಡೆದು ಲಿಫ್ಟು ಹಾಕಬೇಕೆಂದು ಆದೇಶವಾಯಿತು; ಹತ್ತು ತಿಂಗಳು ತಡೆದು ಹಾಕಿದರು. ಟೈಲ್ಸಿನವನು ಒಂದೇ ಸಲ ಫೋನು ಮಾಡಿದ್ದ. ಬಾಗಿಲ ಸುತ್ತ ಟೈಲ್ಸ್ ಹಾಕಲು ತನ್ನನ್ನೇ ಕರೆದರು, ಹೋಗಲಿಲ್ಲ, ಜೊತೆಯವನನ್ನು ಕಳಿಸಿದೆ ಎಂದ. ದೊಡ್ಡ ಮಗಳಿಗೆ ಜಡೆ ಹಾಕುವುದು ಈಗ ಬರುತ್ತದೆ ಎಂದ. ಅವಳ ಮೇಲೆ ಸಿಟ್ಟಿದೆಯೋ ಇಲ್ಲವೋ ಹೇಳಲಿಲ್ಲ. ಅವಳೂ ಕೇಳುವ ಧೈರ್ಯ ಮಾಡಲಿಲ್ಲ.

ಲೆಕ್ಕದ ಕೆಲಸ ಅವಳಿಗೆ ಯಾರೂ ಕೊಡಲಿಲ್ಲ. ಕೊನೆಗೆ ಲಿಫ್ಟುಗಳ ದುರಸ್ತಿ ಮಾಡಿಸುವ ಒಂದು ಕಡೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂರುವ ಕೆಲಸ ಸಿಕ್ಕಿತು. ನಡುವೆ ನಿಂತುಹೋದ ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಕರೆ ಅಲ್ಲಿಗೆ ಬರುತ್ತಿತ್ತು. ಕಟ್ಟಡ ಯಾವುದು, ಲಿಫ್ಟಿನ ಸಂಖ್ಯೆ ಎಷ್ಟು ಕೇಳಬೇಕು, ಮೆಕ್ಯಾನಿಕ್ಕಿ‌ಗೆ ತಿಳಿಸಬೇಕು, "ಕೆಲವೇ ನಿಮಿಷಗಳಲ್ಲಿ ಬರುತ್ತಾರೆ" ಎಂದು ಹೇಳಿ ಇಟ್ಟುಬಿಡಬೇಕು. ಹೇಳಬೇಕಾದ ಮಾತನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರು.

ಒಂದು ಮಧ್ಯಾಹ್ನ ಮುದುಕಿಯೊಬ್ಬಳ ಕರೆ ಬಂತು. ಐದಕ್ಕೂ ಆರಕ್ಕೂ ನಡುವೆ ನಿಂತಿದೆಯಂತೆ. ಒಳಗೆ ಎಷ್ಟು ಜನರಿದ್ದೀರಿ ಎಂದರೆ, ನಾನು ಮತ್ತೆ ನನ್ನ ಚೀಲ ಎಂದಳು. ದನಿಯಲ್ಲಿ ತಮಾಷೆಯಿತ್ತು, ಅದರಡಿಯಲ್ಲಿ ಹೆದರಿಕೆಯೂ ಇತ್ತು.

"ಎಷ್ಟು ಹೊತ್ತಾಗುತ್ತಮ್ಮ ಅವನು ಬರೋದು?"

ಲಿಫ್ಟಕ್ಕ ಕಂಪ್ಯೂಟರಿನ ಪರದೆಯಲ್ಲಿ ಮೆಕ್ಯಾನಿಕ್ಕು ಇದ್ದ ಜಾಗವನ್ನು ನೋಡಿದಳು. ನಡುವಿನ ಎರಡು ಸಿಗ್ನಲ್ಲು, ಆ ಹೊತ್ತಿನ ವಾಹನಗಳು, ಮೇಲೆ ಹತ್ತಿ ಯಂತ್ರದ ಕೋಣೆಯ ಬೀಗ ತೆಗೆಯುವುದು.

"ಇಪ್ಪತ್ತೈದು ನಿಮಿಷ ಆಗುತ್ತೆ ಅಜ್ಜಿ."

"ಅಷ್ಟೊಂದಾ."

"ಹೂಂ. ಕೆಳಗೆ ಬೀಳಲ್ಲ. ಗಾಳಿ ಬರ್ತಿರುತ್ತೆ. ಆದ್ರೆ ಇಪ್ಪತ್ತೈದು ನಿಮಿಷ ಆಗುತ್ತೆ."

ನೀನು ಫೋನು ಇಟ್ಟುಬಿಡುತ್ತೀಯಾ ಎಂದು ಮುದುಕಿ ಕೇಳಿದಳು. ಇಲ್ಲ, ಇಲ್ಲೇ ಇರುತ್ತೇನೆ ಎಂದಳು. ಪಕ್ಕದ ಮೇಜಿನವಳು ಬೇರೆ ಕರೆ ಬರುತ್ತಿದೆ ಎಂದು ಸನ್ನೆ ಮಾಡಿದಳು. ನೀನೇ ತೆಗೆದುಕೋ ಎಂದು ಲಿಫ್ಟಕ್ಕ ಕೈಯಲ್ಲೇ ಹೇಳಿದಳು.

ಚೀಲ ನೆಲಕ್ಕಿಟ್ಟ ಸದ್ದು. ಮುದುಕಿ ಉಸ್ಸೆಂದು ಕೂತ ಸದ್ದು, ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿದ ಸದ್ದು. ಹೇಗೂ ಕೂತಿದ್ದೀನಲ್ಲ, ಹುರುಳಿಕಾಯಿ ಬಿಡಿಸುತ್ತೀನಿ ಎಂದಳು. ಮೊದಲ ಕಾಯಿ ಮುರಿದದ್ದು ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಇನ್ನೊಂದು. ಆಗಾಗ ನಿಲ್ಲುತ್ತಿತ್ತು, ಆಗೆಲ್ಲ ಲಿಫ್ಟಕ್ಕ "ಇದೀನಿ ಅಜ್ಜಿ" ಎನ್ನುತ್ತಿದ್ದಳು. ಮತ್ತೆ ಒಂದು ಕಾಯಿ ಲಟಕ್ಕೆಂದು ಮುರಿಯುತ್ತಿತ್ತು.